ಹೊಟ್ಟಿಲೆ ಇದ್ದಾಗ, ಬಾಣಂತನದಾಗ ಕೆಲ್ಸ ಬಿಡು ಅಂದ್ರ ಏನ್ ಮಾಡ್ಬೇಕು: ಸೈನ್ ಹಾಕೋಕಿಂತ ಮೊದ್ಲು ಓದ್ರಿ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಹೊಟ್ಟಿಲೆ ಇರೋ ಹೆಣ್ಮಗಳನ್ನ ಕೆಲ್ಸದಿಂದ ತೆಗಿಯೋರು "ನಿನ್ನ ತೆಗದೀವಿ" ಅಂತ ಯಾರೂ ಬರ್ದು ಕೊಡಂಗಿಲ್ಲ. "ಅಕ್ಕಾ, ಈಗ ಆರ್ಡರ್ ಕಡಿಮಿ ಐತಿ, ನೀನೂ ಆರಾಮ ರೆಸ್ಟ್ ಮಾಡು, ಹೆರಿಗಿ ಆದಮ್ಯಾಲೆ ನೋಡೋಣಂತ, ಇಲ್ಲೊಂದು ಸೈನ್ ಮಾಡಿಬಿಡು" ಅಂತಾರ. ಆ ಹಾಳಿ ಯಾವ್ದಂದ್ರ ರಾಜೀನಾಮೆ. ಒಮ್ಮೆ ಅದರ ಮ್ಯಾಲೆ ನಿಮ್ಮ ಸೈನ್ ಬಿತ್ತಂದ್ರ ಮುಂದ ಲೇಬರ್ ಆಫೀಸಿನ್ಯಾಗ ಕೂತು ಎಷ್ಟು ಹೇಳಿದ್ರೂ ಅವ್ರು ಆ ಹಾಳಿ ತೋರಸ್ತಾರ, "ಸರ್, ಆಕಿನ ಬಿಟ್ಟು ಹೋದ್ಲು, ನಾವೇನ್ ತೆಗಿಲಿಲ್ಲ" ಅಂತ. ನಾನು ಇಲ್ಲಿ ಸಣ್ಣಪುಟ್ಟ ಯೂನಿಟ್‌ಗಳ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲ್ಸಗಾರರ ಆರೋಗ್ಯ ವಿಮೆ) ಲೆಕ್ಕ ತುಂಬೋ ಕೆಲ್ಸ ಮಾಡಾಕಿ, ಹಿಂಗಾಗಿ ಮಾಲೀಕ್ರ ಟೇಬಲ್ಲಿನ ಆ ಕಡೆಯಿಂದ ಇದನ್ನ ನೋಡೀನಿ, ಅದಕ್ಕ ಹೇಳ್ತೀನಿ: ಈ ಲೇಖನದಾಗ ಮತ್ತೇನೂ ನೆನಪಿಟ್ಕೊಳ್ಳದಿದ್ರೂ ನಡಿತೈತಿ, ರಾಜೀನಾಮೆ ಮಾತ್ರ ಬರ್ದು ಕೊಡಬ್ಯಾಡ್ರಿ. ಖಾಲಿ ಹಾಳಿ ಮ್ಯಾಲೂ ಬ್ಯಾಡ, ಬೆರಳಚ್ಚೂ ಬ್ಯಾಡ.

ಈಗ ಒಂದೊಂದಾಗಿ ನೋಡೋಣ.

ಮೊದ್ಲು: ಕಾನೂನು ನಿಮಗ ಬರ್ತೈತೋ ಇಲ್ಲೋ

ಹೆರಿಗಿ ಸೌಲಭ್ಯದ ಕಾಯ್ದೆ 1961ರದ್ದು. 2017ರಾಗ ತಿದ್ದುಪಡಿ ಆಗಿ ರಜೆ 12 ವಾರದಿಂದ 26 ವಾರ ಆತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾವ, ಹೆರಿಗಿ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆ 2020ರ 6ನೇ ಅಧ್ಯಾಯದಾಗ ಐತಿ. ಹೆಸರು ಬದಲಾಗೇತಿ, ಒಳಗಿನ ಹಕ್ಕು ಹೆಚ್ಚುಕಡಿಮಿ ಅವೇ. ಯಾರಾರ "ಹಳೇ ಕಾಯ್ದೆ ರದ್ದಾಗೇತಿ, ಈಗ ನಿಂಗೇನೂ ಇಲ್ಲ" ಅಂದ್ರ ನಂಬಬ್ಯಾಡ್ರಿ.

ನೋಡಬೇಕಾದ್ದು ಎರಡೇ. ಒಂದು, ನೀವು ಕೆಲ್ಸ ಮಾಡೋ ಜಾಗದಾಗ 10 ಮಂದಿ ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಅದು ಜೀನ್ಸ್ ಹೊಲಿಯೋ ಯೂನಿಟ್ ಇರ್ಲಿ, ನರ್ಸಿಂಗ್ ಹೋಮ್ ಇರ್ಲಿ, ಗಂಗಾವತಿ ರೈಸ್ ಮಿಲ್ಲಿನ ಆಫೀಸ್ ಇರ್ಲಿ, ಖಾಸಗಿ ಶಾಲಿ ಇರ್ಲಿ, ಫೈನಾನ್ಸ್ ಕಂಪ್ನಿ ಬ್ರಾಂಚ್ ಇರ್ಲಿ. ಎರಡು, ಡಾಕ್ಟರ್ ಕೊಟ್ಟ ಹೆರಿಗಿ ಡೇಟಿನಿಂದ ಹಿಂದಕ ಎಣಿಸಿದ್ರ 12 ತಿಂಗಳದಾಗ ಕನಿಷ್ಠ 80 ದಿನ ಕೆಲ್ಸ ಮಾಡಿರ್ಬೇಕು. ಪಗಾರ ಸಹಿತ ರಜೆ ದಿನ, ಕೆಲ್ಸ ಇಲ್ಲ ಅಂತ ಅವ್ರೇ ಲೇಆಫ್ ಕೊಟ್ಟ ದಿನ, ಎರಡೂ ಈ 80ರಾಗ ಸೇರ್ತಾವ.

ಪರ್ಮನೆಂಟ್ ಇರಬೇಕು ಅನ್ನೋ ಷರತ್ತು ಎಲ್ಲೂ ಇಲ್ಲ. ದಿನಗೂಲಿ ಹೆಣ್ಮಕ್ಳಿಗೂ ಹೆರಿಗಿ ಸೌಲಭ್ಯ ಐತಿ ಅಂತ ಸುಪ್ರೀಂ ಕೋರ್ಟ್ 2000ದಾಗನ ದೆಹಲಿ ಮಹಾನಗರ ಪಾಲಿಕೆ ಮಸ್ಟರ್ ರೋಲ್ ಕೆಲ್ಸಗಾರ್ತಿಯರ ಕೇಸಿನ್ಯಾಗ ಹೇಳೇತಿ. ಕಾಂಟ್ರ್ಯಾಕ್ಟ್ ಅವಧಿ ನಡುವ ಮುಗಿದು ಹೋದ್ರೂ ಹೆರಿಗಿ ಸೌಲಭ್ಯ ಅಲ್ಲಿಗೇ ಕಟ್ ಆಗಂಗಿಲ್ಲ, ಪೂರ್ತಿ ಕೊಡಬೇಕು ಅಂತ 2023ರ ಆಗಸ್ಟ್‌ದಾಗ ಡಾ. ಕವಿತಾ ಯಾದವ್ ಕೇಸಿನ್ಯಾಗ ಅದೇ ಕೋರ್ಟ್ ಹೇಳೇತಿ. ಈ ಎರಡನೇದು ನಮ್ಮ ಭಾಗಕ್ಕ ಭಾಳ ಮುಖ್ಯ, ಯಾಕಂದ್ರ ತೋರಣಗಲ್ಲು, ಗಿಣಿಗೇರಾ, ಶಕ್ತಿನಗರದ ಕಡೆ ಪ್ಲಾಂಟ್‌ಗಳಾಗ ಅರ್ಧಕ್ಕರ್ಧ ಮಂದಿ ಕಾಂಟ್ರ್ಯಾಕ್ಟರ್ ಕೈಕೆಳಗ ಇರ್ತಾರ, "ಟೆಂಡರ್ ಮುಗೀತು, ಹೊಸ ಕಾಂಟ್ರ್ಯಾಕ್ಟರ್ ನಿನ್ನ ತಗೋಳಂಗಿಲ್ಲ" ಅನ್ನೋದು ಎಲ್ಲಾರ ಬಾಯಿಗೂ ಸಲೀಸಾಗಿ ಬರೋ ಮಾತು.

10 ಮಂದಿ ಲೆಕ್ಕದಾಗ ಒಂದು ಆಟ ಐತಿ. ಒಳಗ 25 ಮಷಿನ್ ಓಡ್ತಿರ್ತಾವ, ರಿಜಿಸ್ಟರ್‌ದಾಗ 8 ಹೆಸರು ಇರ್ತಾವ. ಬಳ್ಳಾರಿ ಜೀನ್ಸ್ ಯೂನಿಟ್‌ಗಳಾಗ ಇದು ಹೊಸದೇನಲ್ಲ. ಅದಕ್ಕ ಯೂನಿಟ್ಟಿನ ವಾಟ್ಸಾಪ್ ಗ್ರೂಪಿನ ಸ್ಕ್ರೀನ್‌ಶಾಟ್, ಆಯುಧ ಪೂಜಿ ದಿನ ಎಲ್ಲಾರೂ ಕೂಡಿ ತೆಗಿಸ್ಕೊಂಡ ಫೋಟೋ, ಜೊತಿ ಕೆಲ್ಸ ಮಾಡೋರ ಹೆಸರು ಬರ್ದಿಟ್ಕೊಂಡ ಒಂದು ಹಾಳಿ, ಇವೆಲ್ಲ ಇಟ್ಕೊಳ್ರಿ. ಇನ್ಸ್‌ಪೆಕ್ಟರ್ ಮುಂದ ರಿಜಿಸ್ಟರ್ ಒಂದೇ ಸಾಕ್ಷಿ ಆಗಬಾರ್ದು.

ಖರೇವಂದ್ರೂ 10ಕ್ಕಿಂತ ಕಡಿಮಿ ಮಂದಿ ಇದ್ರ, ಅಥವಾ ಮನ್ಯಾಗ ಕೂತು ಪೀಸ್ ಲೆಕ್ಕದ ಮ್ಯಾಲೆ ಹೊಲೀತಿದ್ರ, ಈ 26 ವಾರದ ರಜೆ ಸಿಗೋದು ಕಷ್ಟ. ಅಂಥೋರು ಅಂಗನವಾಡಿ ಮೂಲಕ ಮಾತೃ ವಂದನಾ ಯೋಜನೆಗೆ ಅರ್ಜಿ ಹಾಕ್ರಿ, ಮೊದಲ ಮಗುವಿಗೆ 5000 ರೂಪಾಯಿ ಕಂತಿನ್ಯಾಗ ಬರ್ತೈತಿ. ಕಮ್ಮಿ ದುಡ್ಡು, ಆದ್ರ ಬಿಡೋದ್ಯಾಕ.

ಎರಡನೇದು: ಬಾಯಿಲೆ ಹೇಳಬ್ಯಾಡ್ರಿ, ಬರ್ದು ಕೊಡ್ರಿ

ನಮ್ಮ ಮಂದಿ ಹೊಟ್ಟಿ ಕಾಣೋ ತನಕ ಹೇಳಂಗಿಲ್ಲ, ದೃಷ್ಟಿ ಆಗ್ತೈತಿ ಅಂತ. ಮನಿ ಮಟ್ಟಕ್ಕ ಅದು ಸರಿ ಇರಬಹುದು, ಕಂಪ್ನಿಗೆ ಮಾತ್ರ ಬರ್ದು ಹೇಳಿರಬೇಕು. ಯಾಕಂದ್ರ ನಾಳೆ ತೆಗದು ಹಾಕಿದ್ರ "ಆಕಿ ಗರ್ಭಿಣಿ ಅಂತ ನಮಗ ಗೊತ್ತೇ ಇರ್ಲಿಲ್ಲ" ಅನ್ನೋದು ಅವ್ರ ಮೊದಲನೇ ಉತ್ತರ ಇರ್ತೈತಿ.

ಆಶಾ ಕಾರ್ಯಕರ್ತೆ ಅಥವಾ ಎಎನ್‌ಎಂ ಕಡೆಯಿಂದ ತಾಯಿ ಕಾರ್ಡ್ ಮಾಡಿಸ್ರಿ, ಖಾಸಗಿ ಡಾಕ್ಟರ್ ಹತ್ರ ತೋರಿಸ್ತಿದ್ರೂ ಮಾಡಿಸ್ರಿ. ಅದರಾಗ ಕೊನೇ ಮುಟ್ಟಿನ ಡೇಟು, ಹೆರಿಗಿ ಡೇಟು ಎರಡೂ ಇರ್ತಾವ, ಸರ್ಕಾರದ ಕಾರ್ಡ್ ಆಗಿದ್ರಿಂದ ಯಾರೂ ಸುಳ್ಳು ಅನ್ನಾಕ ಬರಂಗಿಲ್ಲ. ಅದರ ಜೆರಾಕ್ಸ್ ಹಚ್ಚಿ ಒಂದು ಪತ್ರ ಕೊಡ್ರಿ. ಪತ್ರ ಕನ್ನಡದಾಗ ಇದ್ರ ಸಾಕು, ವಕೀಲ್ರ ಭಾಷೆ ಬ್ಯಾಡ:

"ಮಾನ್ಯರೇ, ನಾನು ನಿಮ್ಮಲ್ಲಿ (ಇಂಥ) ತಾರೀಖಿನಿಂದ (ಇಂಥ) ಕೆಲಸ ಮಾಡುತ್ತಿದ್ದೇನೆ. ನಾನು ಗರ್ಭಿಣಿಯಾಗಿದ್ದು ಹೆರಿಗೆಯ ನಿರೀಕ್ಷಿತ ದಿನಾಂಕ (ಇಂಥದ್ದು). ತಾಯಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. (ಇಂಥ) ದಿನಾಂಕದಿಂದ ಹೆರಿಗೆ ರಜೆ ಹಾಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ಕೋರುತ್ತೇನೆ. ಆ ಅವಧಿಯಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಕೆಲಸ ಮಾಡುವುದಿಲ್ಲ. ನಾನು ಗೈರಾದರೆ ಹಣ ಪಡೆಯಲು ನನ್ನ ಗಂಡ / ತಾಯಿ (ಹೆಸರು) ಅವರನ್ನು ಸೂಚಿಸುತ್ತೇನೆ. ರಜೆಯ ಅವಧಿಯಲ್ಲಿ ನನಗೆ ಯಾವುದೇ ಪತ್ರವನ್ನು ಈ ಕೆಳಗಿನ ವಿಳಾಸಕ್ಕೆ ಕಳಿಸಬೇಕು."

ಈ ಕೊನೇ ಸಾಲು ಸುಮ್ಮನ ಹಾಕಿಲ್ಲ. ಮೊದಲ ಹೆರಿಗಿ ತವರಮನಿಯಾಗ ಅಲ್ಲೇನ್ರಿ, ಕುಬಸ ಆದಕೂಡ್ಲೇ ನೀವು ಲಿಂಗಸುಗೂರಿಗೋ ಕುಷ್ಟಗಿಗೋ ಹೋಗಿರ್ತೀರಿ, ಕಂಪ್ನಿ ಲೆಟರ್ ಬಳ್ಳಾರಿ ಬಾಡಿಗಿ ಮನಿಗೆ ಬರ್ತೈತಿ, ಬಾಗಿಲಿಗೆ ಕೀಲಿ, ಪೋಸ್ಟ್‌ಮನ್ ವಾಪಸ್ ಕಳಿಸ್ತಾನ, ಅವ್ರು "ಮೂರು ನೋಟಿಸ್ ಕಳ್ಸೀವಿ, ಉತ್ತರ ಇಲ್ಲ, ಹೇಳದ ಕೇಳದ ಗೈರಾಗ್ಯಾಳ" ಅಂತ ಫೈಲ್ ರೆಡಿ ಮಾಡಿರ್ತಾರ. ತವರಮನಿ ಅಡ್ರೆಸ್ಸು ಪಿನ್‌ಕೋಡ್ ಸಮೇತ ಕೊಟ್ಟಿದ್ರ ಈ ಕಥಿ ನಡಿಯಂಗಿಲ್ಲ.

ಪತ್ರದ ಎರಡು ಪ್ರತಿ ಮಾಡಿ ಒಂದರ ಮ್ಯಾಲೆ "ತಲುಪಿದೆ" ಅಂತ ಸೀಲ್, ಸಹಿ, ತಾರೀಖು ಹಾಕಿಸ್ಕೊಳ್ರಿ. ತಗೊಳ್ಳಂಗಿಲ್ಲ ಅಂದ್ರ ಜಗಳ ಬ್ಯಾಡ, ಹೊರಗ ಬಂದು ಸ್ಪೀಡ್ ಪೋಸ್ಟ್ ಮಾಡ್ರಿ, ರಸೀದಿ ಇಟ್ಕೊಳ್ರಿ, ಅದೇ ಪತ್ರದ ಫೋಟೋನ ಮ್ಯಾನೇಜರ್ ವಾಟ್ಸಾಪಿಗೂ ಇಮೇಲಿಗೂ ಹಾಕ್ರಿ. ಎರಡು ನೀಲಿ ಟಿಕ್ ಬಂದಿದ್ದನ್ನೂ ಸ್ಕ್ರೀನ್‌ಶಾಟ್ ತೆಗೀರಿ.

ಕಾನೂನು ಏನ್ ತಡಿತೈತಿ, ಏನ್ ತಡಿಯಂಗಿಲ್ಲ

ಇದನ್ನ ಸರಿಯಾಗಿ ತಿಳ್ಕೊಳ್ರಿ, ಯಾಕಂದ್ರ "ಬಸರಿ ಹೆಂಗಸನ್ನ ಯಾರೂ ತೆಗಿಯಂಗೇ ಇಲ್ಲ" ಅಂತ ಯೂಟ್ಯೂಬಿನ್ಯಾಗ ಹೇಳೋದು ಅರ್ಧ ಖರೆ.

ಹೆರಿಗಿ ರಜೆ ಮ್ಯಾಲೆ ಇದ್ದಾಗ ತೆಗಿಯೋದು, ಆ ರಜೆ ಕಾರಣಕ್ಕ ತೆಗಿಯೋದು, ರಜೆ ಒಳಗ ಮುಗಿಯೋ ಹಂಗ ನೋಟಿಸ್ ಕೊಡೋದು, ಪಗಾರ ಹುದ್ದೆ ಶಿಫ್ಟ್ ಇಂಥವನ್ನ ನಿಮಗ ನಷ್ಟ ಆಗೋ ಹಂಗ ಬದಲಿ ಮಾಡೋದು, ಇವೆಲ್ಲ ಕಾನೂನಿಗೆ ವಿರುದ್ಧ. ಹೊಸ ಸಂಹಿತೆಯಾಗ ಇದು 68ನೇ ಕಲಮು, ಹಳೇ ಕಾಯ್ದೆಯಾಗ 12ನೇದು.

ಇನ್ನ ರಜೆ ಶುರುವಾಗೋಕಿಂತ ಮೊದ್ಲು, ಅಂದ್ರ ನಾಲ್ಕನೇ ತಿಂಗಳೋ ಐದನೇ ತಿಂಗಳೋ ಇದ್ದಾಗ ತೆಗದ್ರ? ಆಗ ಕಾನೂನು ಹೇಳೋದು ಇಷ್ಟು: ಗರ್ಭಿಣಿ ಇದ್ದಾಗ ಯಾವಾಗ ತೆಗದ್ರೂ ಆಕಿಗೆ ಬರಬೇಕಾಗಿದ್ದ ಹೆರಿಗಿ ದುಡ್ಡು, ಮೆಡಿಕಲ್ ಬೋನಸ್ಸು ತಪ್ಪಂಗಿಲ್ಲ. ಘೋರ ದುರ್ನಡತೆಗೆ ಲಿಖಿತ ಆದೇಶ ಕೊಟ್ಟು ತೆಗದ್ರ ಮಾತ್ರ ಬ್ಯಾರೆ ಮಾತು. ಅಂದ್ರ "ರಜೆ ಶುರುವಾಗೋ ಮೊದ್ಲ ಕಳಿಸಿಬಿಟ್ರ ಆರು ತಿಂಗಳ ಪಗಾರ ಉಳಿತೈತಿ" ಅನ್ನೋ ಲೆಕ್ಕಾಚಾರ ತಪ್ಪು. ಎಷ್ಟೋ ಮಾಲೀಕ್ರಿಗೆ ಇದು ಗೊತ್ತಿಲ್ಲ, ಗೊತ್ತಾದ್ಮ್ಯಾಲೆ ಧಾಟಿ ಬದಲಾಗಿದ್ದು ನೋಡೀನಿ.

ಮತ್ತ ಇಡೀ ಯೂನಿಟ್ಟೇ ಮುಚ್ಚಿದ್ರ, ಖರೇವಂದ್ರೂ ಮಂದಿ ಕಡಿಮಿ ಮಾಡೋ ಪರಿಸ್ಥಿತಿ ಬಂದ್ರ, ಬಸರಿ ಅನ್ನೋ ಕಾರಣಕ್ಕ ಕೆಲ್ಸ ಉಳಿದೇ ಉಳಿತೈತಿ ಅನ್ನಾಕ ಬರಂಗಿಲ್ಲ. ಆದ್ರ ದುಡ್ಡು ಬಿಡಬಾರ್ದು, ಅದರ ಲೆಕ್ಕ ಮುಂದ ಐತಿ.

ಖರೇನೋ ನೆವನೋ ಅಂತ ಹೆಂಗ್ ಗೊತ್ತಾಗ್ತೈತಿ? ಮಂದಿ ಕಡಿಮಿ ಮಾಡೋದಾದ್ರ ಸಾಮಾನ್ಯವಾಗಿ ಅದೇ ಕೆಲ್ಸದಾಗ ಕೊನಿಗೆ ಸೇರಿದೋರನ್ನ ಮೊದ್ಲು ತೆಗಿಬೇಕು, ಹಂಗ ಮಾಡದಿದ್ರ ಕಾರಣ ಬರ್ದಿಡಬೇಕು, ಇದು ಕೈಗಾರಿಕಾ ಸಂಬಂಧ ಸಂಹಿತೆಯಾಗೂ ಐತಿ, ಮೊದ್ಲಿನ 1947ರ ಕಾಯ್ದೆಯಾಗೂ ಇತ್ತು. ನಿಮ್ಮ ಲೈನಿನ್ಯಾಗ ಹೋದ ದೀಪಾವಳಿಗೆ ಸೇರಿದ ಹುಡುಗಿ ಉಳಿದು ಐದು ವರ್ಷದಿಂದ ಇರೋ ನೀವು ಹೊರಗ ಅಂದ್ರ ಅದು ಮಂದಿ ಕಡಿಮಿ ಮಾಡಿದ್ದಲ್ಲ. ನೀವು ಹೋದ ಮರುತಿಂಗಳ ಅದೇ ಮಷಿನ್ ಮ್ಯಾಲೆ ಹೊಸಾಕಿ ಕೂತ್ರೂ ಅಷ್ಟೇ. ಜೊತಿಗಾರ್ತಿಯರಿಗೆ ಫೋನ್ ಹಚ್ಚಿ ಯಾರ್ ಯಾರನ್ನ ತೆಗದಾರ, ಯಾರನ್ನ ಹೊಸದಾಗಿ ತಗೊಂಡಾರ ಅಂತ ಕೇಳಿ ತಾರೀಖಿನ ಸಮೇತ ಬರ್ದಿಡ್ರಿ, ಈ ಸಣ್ಣ ಪಟ್ಟಿ ಮುಂದ ದೊಡ್ಡ ಕೆಲ್ಸ ಮಾಡ್ತೈತಿ. ತೆಗಿತೀವಿ ಅಂದೋರಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕ್ರಿ: "ಸರ್, ಇವತ್ತು ನೀವು ನಾಳೆಯಿಂದ ಬರಬ್ಯಾಡ ಅಂದ್ರಿ. ಕಾರಣ ಮತ್ತು ಆದೇಶ ಬರೆದು ಕೊಡಿ. ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಬರಲು ತಯಾರಿದ್ದೇನೆ." ಅವ್ರು ಉತ್ತರ ಕೊಡದಿದ್ರೂ ಈ ಮೆಸೇಜ್ ಅಲ್ಲೇ ಇರ್ತೈತಿ.

ಇನ್ನೊಂದು, ಇದನ್ನ ಯಾರೂ ಹೇಳಿಕೊಡಂಗಿಲ್ಲ. ನಿಮ್ಮ ಯುಎಎನ್ ನಂಬರ್ (ಪಿಎಫ್ ಖಾತೆ ನಂಬರ್) ಹಾಕಿ ಪಿಎಫ್ ಸೈಟಿನ್ಯಾಗ ಸರ್ವಿಸ್ ಹಿಸ್ಟರಿ ನೋಡ್ರಿ. ರಜೆ ಮ್ಯಾಲೆ ಇದ್ದಾಗನ ಕೆಲ ಕಡೆ ನಿಮ್ಮ ಹೆಸರಿನ ಮುಂದ ಬಿಟ್ಟ ತಾರೀಖು ತುಂಬಿಬಿಟ್ಟಿರ್ತಾರ, ನಿಮಗ ಆರು ತಿಂಗಳಾದ್ಮ್ಯಾಲೆ ಗೊತ್ತಾಗ್ತೈತಿ. ಬಾಣಂತನದಾಗ ಮೊಬೈಲ್ ನೋಡಬ್ಯಾಡ ಅಂತ ಅವ್ವ ಬೈತಾಳ, ತಿಂಗಳಿಗೊಮ್ಮೆ ತಮ್ಮನ ಕಡೆಯಿಂದಾದ್ರೂ ನೋಡಿಸ್ರಿ. ತಾರೀಖು ತುಂಬಿದ್ದು ಕಂಡ್ರ ಸ್ಕ್ರೀನ್‌ಶಾಟ್ ತೆಗದು ಅವತ್ತೇ ಕಂಪ್ನಿಗೆ ಬರೀರಿ. ನೀವು ರಜೆ ಮ್ಯಾಲೆ ಇದ್ದಾಗ ಅವ್ರು ನಿಮ್ಮನ್ನ ತೆಗದಾರ ಅನ್ನಾಕ ಅವ್ರೇ ಬರ್ದುಕೊಟ್ಟ ಸಾಕ್ಷಿ ಅದು.

ದುಡ್ಡಿನ ಲೆಕ್ಕ

ನಿಮ್ಮ ಪಗಾರ ತಿಂಗಳಿಗೆ 21,000 ಒಳಗಿದ್ದು ಇಎಸ್‌ಐ ಕಟ್ ಆಗ್ತಿದ್ರ ಕೇಳ್ರಿ, ಹೆರಿಗಿ ದುಡ್ಡು ಮಾಲೀಕನ ಕಿಸೆಯಿಂದ ಬರಂಗಿಲ್ಲ, ಇಎಸ್‌ಐ ನಿಗಮ ಕೊಡ್ತೈತಿ. "ಆರು ತಿಂಗಳ ಕುಂದರ್ಸಿ ಪಗಾರ ಕೊಡಾಕ ನಾನೇನ್ ಧರ್ಮಛತ್ರ ಇಟ್ಟೀನೇನು" ಅನ್ನೋ ಮಾಲೀಕ್ರಿಗೆ ಇದೇ ಉತ್ತರ, ನೀವು ಒಂದು ರೂಪಾಯಿನೂ ಕೊಡೋದಿಲ್ಲ ಸರ್ ಅಂತ. ಇದಕ್ಕ ಷರತ್ತು ಅಂದ್ರ ಹಿಂದಿನ ಎರಡು ವಂತಿಗೆ ಅವಧಿಗಳಾಗ (ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು) ಕೂಡಿ 70 ದಿನದ ವಂತಿಗೆ ಕಟ್ಟಿರ್ಬೇಕು. ಈ ಭತ್ಯೆ ತಗೊಳ್ಳೋ ಅವಧಿಯಾಗ ಕೆಲ್ಸದಿಂದ ತೆಗಿಯಾಕೂ ಬರಂಗಿಲ್ಲ. ಸ್ಲಿಪ್ಪಿನ್ಯಾಗ 0.75 ಪರ್ಸೆಂಟ್ ಕಟ್ ಆಗ್ತೈತಿ ಅಂದಕೂಡ್ಲೇ ನಂಬಬ್ಯಾಡ್ರಿ, ನಿಮ್ಮಿಂದ ಕಟ್ ಮಾಡಿ ಅಲ್ಲಿ ಕಟ್ಟದೋರೂ ಅದಾರ, ಇಎಸ್‌ಐ ಪೋರ್ಟಲ್‌ದಾಗ ನಿಮ್ಮ ನಂಬರ್ ಹಾಕಿ ಈಗ್ಲೇ ನೋಡ್ರಿ, ಏಳನೇ ತಿಂಗಳ ತನಕ ಕಾಯಬ್ಯಾಡ್ರಿ.

ಇಎಸ್‌ಐ ಇಲ್ಲಾಂದ್ರ ಕಂಪ್ನಿನೇ ಕೊಡಬೇಕು. ಮೊದಲ ಎರಡು ಮಕ್ಳಿಗೆ 26 ವಾರ, ಅದರಾಗ ಹೆರಿಗಿ ಮುಂಚೆ 8 ವಾರ ಮೀರಂಗಿಲ್ಲ. ಈಗಾಗ್ಲೇ ಎರಡು ಮಕ್ಳಿದ್ರ 12 ವಾರ. ಹಿಂದಿನ ಮೂರು ತಿಂಗಳ ಸರಾಸರಿ ದಿನದ ಕೂಲಿ ಹಿಡಿದು ಲೆಕ್ಕ ಹಾಕ್ತಾರ. ದಿನಕ್ಕ 450 ಬೀಳ್ತಿದ್ರ 26 ವಾರಕ್ಕ 182 ದಿನ, ಅಂದ್ರ 81,900 ರೂಪಾಯಿ. ಕೆಲವ್ರು ಐತವಾರ ಕಳದು 156 ದಿನಕ್ಕ ಕೊಡಾಕ ನೋಡ್ತಾರ, ವಾರ ಅಂದ್ರ ಏಳೂ ದಿನ, ಐತವಾರಾನೂ ಸೇರಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1977ರಾಗನ ಹೇಳೇತಿ. ಹೆರಿಗಿ ಮುಂಚಿನ ದಿನಗಳ ದುಡ್ಡು ಮುಂಗಡ ಕೊಡಬೇಕು, ಉಳಿದದ್ದು ಹೆರಿಗಿ ಆಗಿದ್ದರ ದಾಖಲೆ ಕೊಟ್ಟ 48 ತಾಸಿನ್ಯಾಗ. ಕಂಪ್ನಿ ಆಸ್ಪತ್ರಿ ಖರ್ಚು ನೋಡ್ಕೊಳ್ಳದಿದ್ರ ಮೆಡಿಕಲ್ ಬೋನಸ್ 3500. ಹೊಟ್ಟಿ ಇಳಿದ್ರ (ಗರ್ಭಪಾತ ಆದ್ರ), ದೇವ್ರು ಹಂಗ ಮಾಡದಿರ್ಲಿ, 6 ವಾರದ ರಜೆ ಪಗಾರ ಸಮೇತ ಐತಿ. ಬಸರಿನಿಂದಲೋ ಹೆರಿಗಿಯಿಂದಲೋ ಜಡ್ಡಾದ್ರ ಮತ್ತೊಂದು ತಿಂಗಳು.

ಇದು ಹೆರಿಗಿ ದುಡ್ಡು. ಮಂದಿ ಕಡಿಮಿ ಮಾಡೀವಿ ಅಂತ ತೆಗದ್ರ ಇದರ ಮ್ಯಾಲೆ ಬ್ಯಾರೆ ದುಡ್ಡೂ ಬರಬೇಕು, ಎರಡನ್ನ ಕಲಸಾಕ ಬಿಡಬ್ಯಾಡ್ರಿ. ಕಾರ್ಮಿಕ ವರ್ಗದಾಗ ಬರೋರು ಒಂದು ವರ್ಷ ನಿರಂತರ ಕೆಲ್ಸ ಮಾಡಿದ್ರ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಪಗಾರ, ಮತ್ತ ಪ್ರತಿ ಪೂರ್ತಿ ವರ್ಷಕ್ಕ 15 ದಿನದ ಪಗಾರ ಪರಿಹಾರ. ಈ ನಿರಂತರ ಕೆಲ್ಸದ ಲೆಕ್ಕದಾಗ 26 ವಾರದ ತನಕ ಹೆರಿಗಿ ರಜೆನೂ ಕೆಲ್ಸ ಮಾಡಿದ ದಿನ ಅಂತನ ಹಿಡಿತಾರ. ಐದು ವರ್ಷ ಆಗಿದ್ರ ಗ್ರಾಚ್ಯುಟಿ (ಕೆಲ್ಸ ಬಿಟ್ಟಾಗ ಸೇವೆಗೆ ಕೊಡೋ ದುಡ್ಡು). ಉಳಿದ ಪಗಾರ ತೆಗದ ಎರಡು ಕೆಲ್ಸದ ದಿನದೊಳಗ ಚುಕ್ತಾ ಆಗಬೇಕು.

"ಎಲ್ಲಾ ಸೇರಿಸಿ 20,000 ತಗೋ, ಫುಲ್ ಅಂಡ್ ಫೈನಲ್ ಅಂತ ಬರ್ದುಕೊಡು" ಅಂದ್ರ ದುಡ್ಡು ತಗೋಬಹುದು, ಆದ್ರ ಹಾಳಿ ಮ್ಯಾಲೆ "ಬಾಕಿ ಹಕ್ಕುಗಳನ್ನು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ನಿಮ್ಮ ಕೈಲೆ ಬರ್ದು ಸೈನ್ ಮಾಡ್ರಿ, ಅದಕ್ಕ ಒಪ್ಪದಿದ್ರ ಸೈನ್ ಬ್ಯಾಡ. ಹೆರಿಗಿ ಹಕ್ಕು ಬಿಟ್ಟುಕೊಡ್ತೀನಿ ಅಂತ ಮೊದ್ಲೇ ಬಾಂಡ್ ಬರೆಸ್ಕೊಂಡಿದ್ರ, "ಎರಡು ವರ್ಷ ಬಸರಾಗಂಗಿಲ್ಲ" ಅಂತ ಬರೆಸ್ಕೊಂಡಿದ್ರೂ, ಕಾನೂನಿನ ಮುಂದ ಅದಕ್ಕ ಕಿಮ್ಮತ್ತಿಲ್ಲ.

ದೂರು ಎಲ್ಲಿ, ಎಷ್ಟು ದಿನದಾಗ

ತೆಗದ ಆದೇಶ ಕೈಗೆ ಬಂದ ದಿನದಿಂದ 60 ದಿನದೊಳಗ ಮೇಲ್ಮನವಿ ಹಾಕಬೇಕು. ಬಾಣಂತನದಾಗ ಅರವತ್ತು ದಿನ ಹೋಗೋದು ಗೊತ್ತೇ ಆಗಂಗಿಲ್ಲ, ಅದಕ್ಕ ತಾರೀಖನ್ನ ಗಂಡನ ಫೋನಿನ್ಯಾಗ, ಅಪ್ಪನ ಕ್ಯಾಲೆಂಡರಿನ್ಯಾಗ ಬರೆಸ್ರಿ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿ ಅದಾವ, ತಾಲೂಕಿಗೆ ಕಾರ್ಮಿಕ ನಿರೀಕ್ಷಕರು ಇರ್ತಾರ. ದೂರು ಒಂದೂವರೆ ಪುಟ ಸಾಕು: ಯಾವಾಗ ಸೇರಿದ್ದು, ಪಗಾರ ಎಷ್ಟು, ಬಸರಿನ ಪತ್ರ ಯಾವಾಗ ಕೊಟ್ಟಿದ್ದು, ಯಾರು ಯಾವತ್ತು ಏನಂದ್ರು, ಏನ್ ಬೇಕು. ಕೊನೇದನ್ನ ಮರಿಬ್ಯಾಡ್ರಿ, "ನ್ಯಾಯ ಕೊಡ್ರಿ" ಅಂತ ಬಿಟ್ರ ಆಗಂಗಿಲ್ಲ, "ಕೆಲ್ಸಕ್ಕ ವಾಪಸ್ ತಗೋಬೇಕು, ಹೆರಿಗಿ ಸೌಲಭ್ಯ ಇಷ್ಟು ಕೊಡಬೇಕು" ಅಂತ ಅಂಕಿ ಹಾಕ್ರಿ. ತಾಯಿ ಕಾರ್ಡ್, ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಡಿ ಕಾರ್ಡ್, ಮೆಸೇಜಿನ ಪ್ರಿಂಟ್ ಹಚ್ಚಿ ಇನ್ವರ್ಡ್ ನಂಬರ್ ಹಾಕಿಸ್ಕೊಂಡು ಬರ್ರಿ. ಇಎಸ್‌ಐ ದುಡ್ಡಿನ ತಕರಾರಿದ್ರ ಇಎಸ್‌ಐ ಶಾಖಾ ಕಚೇರಿಗೇ ಹೋಗಬೇಕು, ಲೇಬರ್ ಆಫೀಸಿಗೆ ಹೋದ್ರ ತಿರುಗಿ ಕಳಿಸ್ತಾರ.

ವಕೀಲ್ರ ಫೀ ಅಂತ ಅಂಜಬ್ಯಾಡ್ರಿ. ಕೋರ್ಟ್ ಆವರಣದಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಐತಿ, ಹೆಣ್ಮಕ್ಳಿಗೆ ಆದಾಯ ಎಷ್ಟೇ ಇದ್ರೂ ಪುಕ್ಕಟೆ ವಕೀಲ್ರನ್ನ ಕೊಡ್ತಾರ. 15100ಕ್ಕ ಫೋನ್ ಹಚ್ಚಿದ್ರೂ ಆತು. ಇಲ್ಲಿಂದ ಒಂದು ನೋಟಿಸ್ ಹೋದ್ರ ಸಾಕು, ಭಾಳ ಕಡೆ ಮಾತುಕತಿಗೆ ಬರ್ತಾರ, ಯಾಕಂದ್ರ ಹೆರಿಗಿ ಸೌಲಭ್ಯ ಕೊಡದ ಮಾಲೀಕಗ ಜೈಲಿನ ಶಿಕ್ಷೆನೂ ಕಾನೂನಿನ್ಯಾಗ ಐತಿ. ಯೂನಿಯನ್ ಇರೋ ಜಾಗದಾಗ ಅವ್ರನ್ನ ಕರ್ಕೊಂಡೇ ಹೋಗ್ರಿ, ಒಬ್ಬಾಕಿ ಕೂಸು ಎತ್ಕೊಂಡು ಹೋದಾಗ ಆಗೋ ಮಾತಿಗೂ ನಾಕು ಮಂದಿ ಹೋದಾಗ ಆಗೋ ಮಾತಿಗೂ ಫರಕ್ ಇರ್ತೈತಿ. ಸರ್ಕಾರಿ ನೌಕರರ ದಾರಿ ಬ್ಯಾರೆ, ಅವ್ರಿಗೆ 180 ದಿನದ ರಜೆ ಸೇವಾ ನಿಯಮದಾಗ ಐತಿ, ಅವ್ರ ಜಗಳ ಇಲಾಖೆ ಜೋಡಿ.

ವಾಪಸ್ ಹೋದ ದಿನ

ರಜೆ ಮುಗಿಯೋಕಿಂತ ಹದಿನೈದು ದಿನ ಮೊದ್ಲ "ಇಂಥ ತಾರೀಖಿಗೆ ಬರ್ತೀನಿ" ಅಂತ ಬರ್ದು ತಿಳಿಸ್ರಿ, ಆ ತಾರೀಖಿಗೆ ಹೋಗಿ ನಿಂದರ್ರಿ. ಗೇಟಿನ್ಯಾಗ ತಡದ್ರ ಗೇಟ್ ಮುಂದ ನಿಂತು ಫೋಟೋ ತೆಗದು ಟೈಮ್ ಸಮೇತ ಮ್ಯಾನೇಜರ್‌ಗೆ ಕಳಿಸ್ರಿ. ಒಳಗ ಬಿಟ್ಟು ಚೆಕಿಂಗ್‌ದಾಗ ಇದ್ದಾಕಿನ ಕಸ ಹೊಡಿಯಾಕ ಹಚ್ಚಿದ್ರ, ಪಗಾರ ಇಳಿಸಿದ್ರ, ಹಾಲು ಕುಡಿಯೋ ಕೂಸಿದ್ದಾಕಿಗೆ ಬೇಕಂತ್ಲೇ ನೈಟ್ ಶಿಫ್ಟ್ ಹಾಕಿದ್ರ, ಅದೂ ನಷ್ಟ ಆಗೋ ಹಂಗ ಬದಲಿ ಮಾಡಿದ್ದೇ, ಅದಕ್ಕೂ ದೂರು ಕೊಡ್ರಿ. ಕೂಸಿಗೆ 15 ತಿಂಗಳ ಆಗೋ ತನಕ ದಿನಕ್ಕ ಎರಡು ಸಲ ಹಾಲುಣಿಸೋ ಬಿಡುವು ಕೊಡಬೇಕು, ಊಟದ ಟೈಮ್ ಬಿಟ್ಟು. 50 ಮಂದಿ ಇರೋ ಕಡೆ ಕೂಸಿನ ಮನಿ ಇರಬೇಕು, ದಿನಕ್ಕ ನಾಕು ಸಲ ಹೋಗಿ ನೋಡಾಕ ಬಿಡಬೇಕು. ಒಂದು ಮೂಲ್ಯಾಗ ಚಾಪಿ ಹಾಸಿ ಬೋರ್ಡ್ ಹಚ್ಚಿ "ಐತಲ್ಲ" ಅನ್ನೋರೂ ಅದಾರ, ಅದರ ಫೋಟೋನೂ ತೆಗದು ದೂರಿಗೆ ಹಚ್ಚಿಬಿಡ್ರಿ.